ಬಿಗಿದು ಸುತ್ತಿದ ಎನ್ಸೈಮಾಡ

ಮಂಗಳೂರಿನಲ್ಲಿ ಸೆವ್ರಿನ್ ಬಾಯಿ ಎಂಬ ವಿಧವೆ ಇದ್ದಳು. ಅವಳ ಮಗ ಹಡಗಿನಲ್ಲಿ ಕೆಲಸಕ್ಕಿದ್ದ. ಫಿಲಿಪೀನ್ಸ್ ದೇಶದ ಲಿಗಾಯ ಎಂಬವಳನ್ನು ಮದುವೆಯಾಗಿ ಮನೆಗೆ ಕರೆತಂದ. ರಜೆ ಮುಗಿಯಿತು, ಹಡಗಿಗೆ ಮರಳಿದ. ಮನೆಯಲ್ಲಿ ಅತ್ತೆ ಸೊಸೆ ಉಳಿದರು.

ಸೆವ್ರಿನ್ ಬಾಯಿ ಕೆಟ್ಟವಳಲ್ಲ. ಸೊಸೆಗೆ ಊರು ಹೊಸದು, ಮಾತು ಹೊಸದು. ಎಲ್ಲಿ ದಾರಿ ತಪ್ಪುತ್ತಾಳೋ ಎಂಬ ಭಯ. ಹಾಗಾಗಿ ಲಿಗಾಯ ಒಬ್ಬಳೇ ಗೇಟು ದಾಟುವಂತಿಲ್ಲ. ಇಗರ್ಜಿಗೆ ಹೋದರೆ ಪಕ್ಕದಲ್ಲಿ ಅತ್ತೆ. ಮೀನು ತರಲು ಹೋದರೂ ಅತ್ತೆ. ಯಾರಾದರೂ ಮಾತಾಡಿಸಿದರೆ ಉತ್ತರವೂ ಅತ್ತೆಯದೇ. ವರ್ಷ ಕಳೆದರೂ ನೆರೆಯವರಿಗೆ ಅವಳ ಹೆಸರು ಗೊತ್ತಿರಲಿಲ್ಲ. ‘ಸೆವ್ರಿನ್ ಬಾಯಿಯ ಸೊಸೆ’ ಎನ್ನುತ್ತಿದ್ದರು. ತವರಿಗೇ ಹೋಗಿಬಿಡಲೇ ಎಂದು ಲಿಗಾಯ ಯೋಚಿಸತೊಡಗಿದ್ದಳು.

ಕ್ರಿಸ್ಮಸ್ ಬಂತು. ಆ ಕಡೆಯ ಕ್ರೈಸ್ತರು ಹಬ್ಬಕ್ಕೆ ಹಲವು ಬಗೆಯ ತಿಂಡಿ ಮಾಡಿ, ತಟ್ಟೆ ತುಂಬಿ ನೆರೆಮನೆಗಳಿಗೆ ಕೊಡುತ್ತಾರೆ. ಅದಕ್ಕೆ ಕುಸ್ವಾರ್ ಎಂದು ಹೆಸರು. ಅದರಲ್ಲಿ ಸೆವ್ರಿನ್ ಬಾಯಿಯ ನೆವ್ರಿ ಬೀದಿಗೆಲ್ಲ ಪ್ರಸಿದ್ಧ. ನೆವ್ರಿ ಎಂದರೆ ಕರ್ಜಿಕಾಯಿ. ಅದರ ಅಂಚನ್ನು ಬಿಗಿಯಾಗಿ ಒತ್ತಬೇಕು. ಇಲ್ಲದಿದ್ದರೆ ಎಣ್ಣೆಯಲ್ಲಿ ಬಾಯಿಬಿಡುತ್ತದೆ. ಅವಳ ನೆವ್ರಿ ಎಂದೂ ಬಾಯಿಬಿಟ್ಟದ್ದಿಲ್ಲ.

“ಮಾಂಯ್, ನಮ್ಮ ಊರಿನ ಎನ್ಸೈಮಾಡ ಮಾಡಲೇ?” ಎಂದು ಸೊಸೆ ಅತ್ತೆಯನ್ನು ಕೇಳಿದಳು.

“ಅದೇನು?”

“ಸಿಹಿ ಬ್ರೆಡ್ಡು. ಮೇಲೆ ಬೆಣ್ಣೆ, ಸಕ್ಕರೆ, ತುರಿದ ಚೀಸ್.”

“ಸಕ್ಕರೆಯ ಮೇಲೆ ಚೀಸಾ? ದೇವರೇ! ಮಾಡು. ಚೆನ್ನಾದರೆ ತಟ್ಟೆಗೆ, ಇಲ್ಲದಿದ್ದರೆ ಕೋಳಿಗೆ.”

ಲಿಗಾಯ ಮೈದಾಕ್ಕೆ ಮೊಟ್ಟೆಯ ಹಳದಿ, ಹಾಲು, ಬೆಣ್ಣೆ, ಯೀಸ್ಟ್ ಹಾಕಿ ನಾದಿದಳು. ಹಿಟ್ಟು ಉಬ್ಬಿತು. ಉಂಡೆ ಮಾಡಿ ತೆಳ್ಳಗೆ ಲಟ್ಟಿಸಿದಳು. ಬೆಣ್ಣೆ ಸವರಿ, ಹಗ್ಗದಂತೆ ಉದ್ದಕ್ಕೆ ಸುರುಳಿ ಮಾಡಿ, ಕೊಡದ ಕೆಳಗಿಡುವ ಸಿಂಬಿಯ ಹಾಗೆ ಸುತ್ತಿಟ್ಟಳು. ಸಡಿಲವಾಗಿ ಸುತ್ತಿದಳು.

ಸುಮ್ಮನೆ ನೋಡುತ್ತ ಕೂರುವುದು ಅತ್ತೆಯಿಂದಾಗಲಿಲ್ಲ.

“ಇದೆಂಥ ಸುತ್ತು? ಬಿಗಿಯೇ ಇಲ್ಲ. ಆಚೆ ಸರಿ, ಬಾಯೆ.”

“ಮಾಂಯ್, ಜಾಗ ಬಿಡಬೇಕು.”

“ನಾನು ನೆವ್ರಿ ಒತ್ತಲು ಕಲಿತಾಗ ನೀನು ಹುಟ್ಟಿರಲಿಲ್ಲ.”

ಲಿಗಾಯ ಸರಿದು ನಿಂತಳು. ತಟ್ಟೆಯ ಅರ್ಧ ಭಾಗ ಅವಳು ಸುತ್ತಿದ್ದು. ಉಳಿದದ್ದನ್ನು ಅತ್ತೆ ಸುತ್ತಿದಳು. ಎಳೆದು, ಬಿಗಿದು, ತುದಿಯನ್ನು ಒತ್ತಿ ಭದ್ರ ಮಾಡಿದಳು. ಹಿಟ್ಟು ಮತ್ತೆ ಉಬ್ಬಿದ ಮೇಲೆ ಎಲ್ಲವೂ ಓವನ್ನಿಗೆ ಹೋದವು.

ಹೊರಗೆ ತೆಗೆದಾಗ ಯಾರು ಯಾವುದನ್ನು ಸುತ್ತಿದ್ದರೆಂದು ಹೇಳಬೇಕಾಗಿರಲಿಲ್ಲ. ಸಡಿಲವಾಗಿ ಸುತ್ತಿದವು ಅಗಲವಾಗಿ ಅರಳಿ ಮೆತ್ತಗೆ ಕುಳಿತಿದ್ದವು. ಬಿಗಿದು ಸುತ್ತಿದವುಗಳ ನಡುಭಾಗ ಮೇಲಕ್ಕೆ ನುಗ್ಗಿ ಸಿಡಿದಿತ್ತು. ಕೆಲವು ಪಕ್ಕಕ್ಕೆ ವಾಲಿದ್ದವು.

ಸೆವ್ರಿನ್ ಬಾಯಿ ಬಹಳ ಹೊತ್ತು ನೋಡಿದಳು.

“ನನ್ನ ಕೈಯಲ್ಲಿ ಒಂದು ನೆವ್ರಿಯೂ ಒಡೆದದ್ದಿಲ್ಲ,” ಎಂದಳು.

“ನೆವ್ರಿ ಬೆಳೆಯುವುದಿಲ್ಲ, ಮಾಂಯ್. ಇದು ಬೆಳೆಯುತ್ತದೆ. ಸುತ್ತಲೂ ಜಾಗ ಸಿಗದಿದ್ದರೆ ಒಡೆದುಕೊಂಡು ಹೊರಬರುತ್ತದೆ.”

ಅತ್ತೆ ಸೊಸೆಯ ಮುಖ ನೋಡಿದಳು. ಅವಳೂ ನೋಡಿದಳು. ಆಮೇಲೆ ಲಿಗಾಯ ಎಲ್ಲದರ ಮೇಲೂ ಬೆಣ್ಣೆ ಸವರಿ, ಸಕ್ಕರೆ, ತುರಿದ ಚೀಸ್ ಉದುರಿಸಿದಳು.

ಸೆವ್ರಿನ್ ಬಾಯಿ ಒಡೆದದ್ದೊಂದನ್ನು ತೆಗೆದುಕೊಂಡು ತಿಂದಳು.

“ನಿನ್ನ ಮಾತು ಕೇಳಬೇಕಿತ್ತು ಅಂತ ನಾನೇನೂ ಹೇಳುವುದಿಲ್ಲ.”

“ಬೇಡ. ತಿನ್ನಿ.”

“ಚೀಸು ಪರವಾಗಿಲ್ಲ.”

ಕೈ ಒರೆಸಿಕೊಂಡು ಅವಳು ಕುಸ್ವಾರ್ ತಟ್ಟೆಗಳನ್ನು ಜೋಡಿಸಿದಳು. ನೆವ್ರಿಯ ಪಕ್ಕದಲ್ಲಿ ಸೊಸೆಯ ಎನ್ಸೈಮಾಡ ಇಟ್ಟಳು. ತಾನು ಸುತ್ತಿದ್ದನ್ನು ಡಬ್ಬಿಗೆ ಹಾಕಿದಳು. ತಟ್ಟೆಯ ಮೇಲೆ ಬಿಳಿ ಬಟ್ಟೆ ಮುಚ್ಚಿ ಲಿಗಾಯಳ ಕೈಗೆ ಕೊಟ್ಟಳು.

“ಹೋಗಿ ಕೊಟ್ಟು ಬಾ.”

“ನೀವು?”

“ನನಗೆ ಕಾಲುನೋವು.”

ಅವಳ ಕಾಲಿಗೆ ಏನೂ ಆಗಿರಲಿಲ್ಲ.

ಲಿಗಾಯ ಒಬ್ಬಳೇ ಗೇಟು ದಾಟಿದಳು. ಅರ್ಧಂಬರ್ಧ ಕೊಂಕಣಿಯಲ್ಲಿ ಮಾತಾಡಿದಳು. ಹೋದ ಮನೆಗಳಲ್ಲಿ ತಿಂಡಿಯ ಹೆಸರು ಕೇಳಿದರು. ಆಮೇಲೆ ತಂದವಳ ಹೆಸರನ್ನೂ ಕೇಳಿದರು. ಅವಳು ಹಿಂದಿರುಗುವುದು ತಡವಾಯಿತು. ಸೆವ್ರಿನ್ ಬಾಯಿ ಎರಡು ಸಲ ಗೇಟಿನವರೆಗೆ ಬಂದಳು. ಆಚೆ ಹೋಗಲಿಲ್ಲ.

ತವರಿಗೆ ಹೋಗುವ ಯೋಚನೆ ಲಿಗಾಯಳಿಗೆ ಮತ್ತೆ ಬರಲಿಲ್ಲ.

ನೀತಿ: ಬೆಳೆಯದ ವಸ್ತುವನ್ನು ಬಿಗಿಯಾಗಿ ಮುಚ್ಚಿಡಬಹುದು. ಬೆಳೆಯುವುದಕ್ಕೆ ಜಾಗ ಬಿಡಬೇಕು. ಮನುಷ್ಯರು ಬೆಳೆಯುವವರು.