ಹೊಂಬಾಳೆಯ ಕಾಲು, ನಿಂಗೋಜಿಯ ಜೋಡು

ಕುದುರೆಯ ಕಾಲು ಊದಿಕೊಂಡರೆ ನಮ್ಮೂರಿನಲ್ಲಿ ಅದಕ್ಕೊಂದು ಹೆಸರಿತ್ತು. ಕಂಬಗಾಲೋ, ತುಂಬುಗಾಲೋ. ನಾಲಿಗೆಯ ತುದಿಯವರೆಗೆ ಬರುತ್ತದೆ, ಆಚೆ ಬರುವುದಿಲ್ಲ. ಈ ನಾಗಪುರಕ್ಕೆ ಬಂದು ಐವತ್ತೆರಡು ವರ್ಷವಾಯಿತು. ಕೇಳೋಣವೆಂದರೆ ಇಲ್ಲಿ ಯಾರನ್ನು ಕೇಳಲಿ? ಹೋಗಲಿ ಬಿಡಿ, ಕಾಲುಬಾವು ಅಂತಲೇ ಹೇಳುತ್ತೇನೆ. ಕಥೆಗೇನೂ ಕಡಿಮೆಯಾಗುವುದಿಲ್ಲ.

ಒಂದು ರಾಜ್ಯವಿತ್ತು. ಅಲ್ಲೊಬ್ಬ ಮುದಿ ರಾಜ. ಅವನಿಗೊಂದು ಪಟ್ಟದ ಕುದುರೆ. ಹೆಣ್ಣು ಕುದುರೆ, ಹೆಸರು ಹೊಂಬಾಳೆ.

ಆ ರಾಜ್ಯದಲ್ಲೊಂದು ಕಟ್ಟಳೆ. ಪಟ್ಟದ ಕುದುರೆಯ ಹಗ್ಗವನ್ನು ರಾಜನಲ್ಲದೆ ಬೇರೆ ಯಾರೂ ಹಿಡಿದು ನಡೆಸಬಾರದು. ರಾಜನಿಗೆ ಮುಪ್ಪು ಬಂತು, ಸವಾರಿ ನಿಂತಿತು. ಸವಾರಿ ನಿಂತ ಮೇಲೆ ಹೊಂಬಾಳೆಯೂ ನಿಂತಿತು. ಲಾಯದ ಕಂಬಕ್ಕೆ ಕಟ್ಟಿದರು. ಕಾಲಡಿಗೆ ರತ್ನಗಂಬಳಿ ಹಾಸಿದರು. ಮೂರು ಹೊತ್ತೂ ಬೇಯಿಸಿದ ಹುರುಳಿ ತಿನ್ನಿಸಿದರು. ಎಲ್ಲ ಮರ್ಯಾದೆಯೂ ಇತ್ತು, ನಡೆಯುವುದೊಂದು ಇರಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ನಾಲ್ಕೂ ಕಾಲು ಊದಿ, ಬೆಳ್ಳಿಯ ಕಡಗ ಚರ್ಮಕ್ಕೆ ಕಚ್ಚಿಕೊಂಡಿತ್ತು.

ಲಾಯದ ಮುಖ್ಯಸ್ಥ ನಿಂಗೋಜಿ ಒಳಗೊಳಗೇ ಹಿಗ್ಗಿದ. ಅವನ ಬಾಮೈದನ ಹತ್ತಿರ ಒಂದು ಕರಿಯ ಕುದುರೆಯಿತ್ತು. ಅದನ್ನು ಪಟ್ಟಕ್ಕೆ ತರಬೇಕೆಂದು ಬಹಳ ದಿನದ ಆಸೆ. ಅರಮನೆಗೆ ಓಡಿಹೋಗಿ, "ಬುದ್ಧೀ, ಇದು ಅಂಟುರೋಗ. ಮುಟ್ಟಿದವರಿಗೂ ಬರುತ್ತದೆ. ಇವತ್ತೇ ಕಾಡಿಗೆ ಅಟ್ಟಬೇಕು" ಅಂದ.

ಕಾಡಿನಲ್ಲಿ ಹುಲಿಗಳಿದ್ದವು. ರಾಜನ ಕಣ್ಣು ತುಂಬಿತು.

ಲಾಯಕ್ಕೆ ಹುಲ್ಲು ಹೊರುತ್ತಿದ್ದವಳು ದ್ಯಾಮವ್ವ. ಹೊಂಬಾಳೆ ಮರಿಯಾಗಿದ್ದಾಗಿನಿಂದ ಅದರ ಮೈ ತಿಕ್ಕಿದವಳೂ ಅವಳೇ. ಸುದ್ದಿ ಕೇಳಿ ಹೊರೆ ಇಳಿಸಿ, ಕುದುರೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಎಣ್ಣೆ ಸವರಿ ಕಡಗ ಬಿಚ್ಚಿ, ತನ್ನಷ್ಟಕ್ಕೆ ತಾನೇ ಕೇಳಿಕೊಂಡಳು.

"ಒಂದೇ ಕಾಲು ಊದಿದೆಯಾ? ಇಲ್ಲ, ನಾಲ್ಕೂ. ಮುಟ್ಟಿದರೆ ಬಿಸಿಯಿದೆಯಾ? ಇಲ್ಲ, ತಣ್ಣಗಿದೆ. ಗೊರಸಿನಲ್ಲಿ ಮುಳ್ಳು, ಗಾಯ? ಅದೂ ಇಲ್ಲ."

ಬೆರಳಿನಿಂದ ಮೆಲ್ಲಗೆ ಒತ್ತಿದಳು. ಗುಳಿ ಬಿದ್ದು ಹಾಗೇ ಉಳಿಯಿತು. ಹೊಂಬಾಳೆ ಅವಳ ಹೆಗಲ ಮೇಲೆ ಮೂತಿಯಿಟ್ಟು ಉಸಿರುಬಿಟ್ಟಿತು.

"ಗೊತ್ತಾಯ್ತು ಮಗಳೇ, ನಿಂತು ನಿಂತು ಸಾಕಾಗಿದೆ ನಿನಗೆ" ಅಂದಳು.

ನೇರ ರಾಜನ ಮುಂದೆ ಹೋದಳು. "ಬುದ್ಧೀ, ಕಾಲು ಬಿಸಿಯಿದ್ದಿದ್ದರೆ, ಕುದುರೆ ಕುಂಟಿದ್ದರೆ, ವೈದ್ಯರನ್ನು ಕರೆಸಿ ಅಂತ ನಾನೇ ಹೇಳುತ್ತಿದ್ದೆ. ಇದು ನಿಂತದ್ದಕ್ಕೆ ಬಂದ ಬಾವು."

ನಿಂಗೋಜಿ ನಕ್ಕ. "ಹುಲ್ಲಿನವಳು ವೈದ್ಯ ಹೇಳುತ್ತಾಳೆ. ಬರೀ ನಿಂತರೆ ಕಾಲು ಊದುತ್ತದೇನವ್ವ?"

"ನೀನೇ ನಿಂತು ನೋಡಣ್ಣ, ಮೂರು ದಿನ. ಹೊಂಬಾಳೆಯ ಮರ್ಯಾದೆಯೆಲ್ಲ ನಿನಗೆ. ಅದೇ ರತ್ನಗಂಬಳಿ, ಮೂರು ಹೊತ್ತೂ ಭಕ್ಷ್ಯ. ಕಂಬ ಬಿಟ್ಟು ಕದಲುವಂತಿಲ್ಲ. ರಾತ್ರಿ ಮಾತ್ರ ಮಲಗು, ಎಷ್ಟಾದರೂ ನೀನು ಕುದುರೆಯಲ್ಲವಲ್ಲ."

ಭಕ್ಷ್ಯ ಅಂದ ಕೂಡಲೇ ನಿಂಗೋಜಿ ಒಪ್ಪಿದ. ರಾಜನೂ ಒಪ್ಪಿದ.

ಮೊದಲ ದಿನ ಹೋಳಿಗೆ ತಿಂದು ನಿಂತ. ಸಂಜೆಗೆ ಕಾಲಿನ ಜೋಡು ಬಿಗಿಯಾಯಿತು. ಎರಡನೆಯ ದಿನ ಕರಿಗಡುಬು ತಿಂದು ನಿಂತ. ಸಂಜೆಗೆ ಹಿಮ್ಮಡಿ ಜೋಡಿನ ಹೊರಗಿತ್ತು. ಮೂರನೆಯ ದಿನ ಚಿರೋಟಿ ತಿಂದು ನಿಂತ. ಸಂಜೆಗೆ ಜೋಡು ಕಾಲಿಗೆ ಹತ್ತಲೇ ಇಲ್ಲ.

ರಾಜ ನೋಡಲು ಬಂದ. ದ್ಯಾಮವ್ವ ಬೆರಳಿನಿಂದ ನಿಂಗೋಜಿಯ ಕಾಲು ಒತ್ತಿದಳು. ಗುಳಿ ಬಿತ್ತು.

"ಪಾಪ, ನಿನಗೂ ಬಂತಲ್ಲಣ್ಣ. ಹಾಗಾದರೆ ಅಂಟುರೋಗವೇ ಇರಬೇಕು. ನಿನ್ನನ್ನೂ ಕಾಡಿಗೆ ಅಟ್ಟಬೇಕಲ್ಲ, ಇವತ್ತೇ."

ನಿಂಗೋಜಿ ಬೆವರಿದ. "ಇಲ್ಲ ಬುದ್ಧೀ, ಅಂಟುರೋಗವಲ್ಲ. ನಿಂತದ್ದಕ್ಕೇ ಬಂದದ್ದು. ನಾಲ್ಕು ಹೆಜ್ಜೆ ನಡೆದರೆ ಇಳಿಯುತ್ತದೆ."

"ಮತ್ತೆ ಹೊಂಬಾಳೆಯದು?" ಅಂದ ರಾಜ.

ನಿಂಗೋಜಿ ತಲೆ ತಗ್ಗಿಸಿದ. "ಅದೂ ಅಷ್ಟೇ. ಬಾಮೈದನ ಕುದುರೆಗೋಸ್ಕರ ಸುಳ್ಳು ಹೇಳಿದೆ."

ರಾಜ ಅವನ ತಲೆಯ ಮೇಲೆ ಹುಲ್ಲಿನ ಹೊರೆ ಹೊರಿಸಿದ. "ಇನ್ನು ದಿನಾ ಹೊತ್ತುಕೊಂಡು ನಡೆ. ನಿನ್ನ ಕಾಲಿಗೂ ಒಳ್ಳೆಯದು."

ಆಮೇಲೆ ತಾನೇ ಹೋಗಿ ಹೊಂಬಾಳೆಯ ಹಗ್ಗ ಬಿಚ್ಚಿದ. ಕಟ್ಟಳೆ ಮುರಿಯಬೇಕಾಗಿರಲಿಲ್ಲ. ಬೆನ್ನ ಮೇಲೆ ಹತ್ತಲಾಗದಿದ್ದರೇನು, ಪಕ್ಕದಲ್ಲಿ ನಡೆಯಬಹುದಲ್ಲ. ಮುದಿ ರಾಜ, ಮುದಿ ಕುದುರೆ, ಒಬ್ಬರ ಹೆಜ್ಜೆಗೆ ಒಬ್ಬರು ಕಾಯುತ್ತ ಹೊಳೆಯ ದಂಡೆಗೆ ಹೋದರು. ಸ್ವಲ್ಪ ಹೊತ್ತು ತಣ್ಣೀರಿನಲ್ಲಿ ನಿಲ್ಲಿಸಿ, ಮತ್ತೆ ನಡೆಸಿಕೊಂಡು ಬಂದ. ದ್ಯಾಮವ್ವ ಕಾಲು ಒರೆಸಿ ಒಣಗಿಸಿದಳು. ಹುರುಳಿ ಕಡಿಮೆ ಮಾಡಿದರು, ಹುಲ್ಲು ಹೆಚ್ಚು ಹಾಕಿದರು. ದಿನಾ ಬೆಳಿಗ್ಗೆ ಹೀಗೆ, ದಿನಾ ಸಂಜೆ ಹೀಗೆ. ಕೆಲವೇ ದಿನಗಳಲ್ಲಿ ಬಾವು ಇಳಿದು ಕಾಲಿನ ನರ ಕಾಣಿಸಿತು.

ನೀತಿ ಇಷ್ಟೇ. ಮರ್ಯಾದೆಯ ಹೆಸರಿನಲ್ಲಿ ಯಾರನ್ನೂ ಕಟ್ಟಿ ನಿಲ್ಲಿಸಬಾರದು. ಬಾಯಿಲ್ಲದ ಪ್ರಾಣಿಯ ನೋವಿನ ಮೇಲೆ ಸುಳ್ಳು ಹೇಳಿದರೆ ಆ ಸುಳ್ಳು ನಮ್ಮ ಕಾಲಿಗೇ ಸುತ್ತಿಕೊಳ್ಳುತ್ತದೆ.

ಪ್ರಣತಿ, ಮೊಮ್ಮಗಳೇ, ಇಲ್ಲಿ ಬಾರೇ. ನನ್ನ ಕೈ ನಡುಗುತ್ತದೆ, ನೀನು ಇದನ್ನು ಬರೆದಿಡು. ಕನ್ನಡ ಅಕ್ಷರ ಸೊಟ್ಟಗಾದರೂ ಪರವಾಗಿಲ್ಲ. ರಾಜನ ಹೆಸರು ನನಗೂ ಗೊತ್ತಿಲ್ಲ, ಅದಕ್ಕೆ ಜಾಗ ಬಿಡಬೇಡ. ಮೊದಲು ಕುದುರೆಯ ಹೆಸರು ಬರೆ.