ಅತ್ತರು ಕುಡಿದ ಪೇಟಿ

"ಗುರುಗಳ, ಇದರಾಗ ಬೆಂಕಿ ಇಲ್ಲ, ಹೊಗಿ ಇಲ್ಲ. ಮಾವಿನಹಣ್ಣಿನ ವಾಸನಿ ಆವಿ ಅಷ್ಟ. ಇದರಿಂದ ಎದಿ ಹೆಂಗ ಕೆಡತೈತ್ರಿ?"

ಹಾಡು ಕಲಿಯುತ್ತಿದ್ದ ವೀರಭದ್ರ ಇ-ಸಿಗರೇಟನ್ನು ಅಂಗೈಯಲ್ಲಿ ಹಿಡಿದು ಕೇಳಿದ. ಹಿಂದೆ ಅವನ ಷಡ್ಜ, ಗುರುಗಳು ಎಲೆಗೆ ಸುಣ್ಣ ಸವರಿ ಮಡಚುವವರೆಗೆ ನಿಲ್ಲುತ್ತಿತ್ತು. ಈಗ ನಡುವೆಯೇ ಕೆಮ್ಮು ಬಂದು ತುಂಡಾಗುತ್ತಿತ್ತು. ಗುರುಗಳು ಬೈಯಲಿಲ್ಲ. ಕತೆ ಹೇಳಿದರು.

ನಾಟಕ ಕಂಪನಿಗಳು ಊರೂರು ತಿರುಗುತ್ತಿದ್ದ ಕಾಲ. ಒಂದು ಕಂಪನಿಯಲ್ಲಿ ಒಬ್ಬ ಪೇಟಿ ಮಾಸ್ತರನಿದ್ದ. ಅವನು ನುಡಿಸುವ ಪೇಟಿ, ಅಂದರೆ ಹಾರ್ಮೋನಿಯಂ, ಅವನ ಗುರು ಕೊಟ್ಟದ್ದು. ಅದರ ಮೊದಲ ಸ್ವರ ಎದ್ದರೆ ಸಾಕು, ಹೊರಗೆ ಚಹಾ ಕುಡಿಯುತ್ತ ನಿಂತವರು ಬಟ್ಟಲು ಇಟ್ಟು ಒಳಗೆ ಬರುತ್ತಿದ್ದರು. ಆಗ ಶೋಕಿಯವರೆಲ್ಲ ಅತ್ತರಿನ ಹತ್ತಿಯನ್ನು ಕಿವಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಮಾಸ್ತರನೂ ಇಡುತ್ತಿದ್ದ. ಒಂದು ದಿನ ಅವನಿಗೆ ಏನು ಹೊಳೆಯಿತೋ, ಆ ಹತ್ತಿಯನ್ನು ತೆಗೆದು ಪೇಟಿಯ ತಿದಿ ಗಾಳಿ ಎಳೆಯುವ ತೂತಿನ ಬಳಿ ಸಿಕ್ಕಿಸಿದ. ತಿದಿ ಒತ್ತಿದಂತೆಲ್ಲ ಸ್ವರದ ಜೊತೆಗೆ ಮಲ್ಲಿಗೆಯ ಪರಿಮಳ ಹೊಮ್ಮಿತು. ಮುಂದಿನ ಸಾಲಿನವರು ತಲೆದೂಗಿದರು. ಮಾಸ್ತರ ಉಬ್ಬಿಹೋದ. ಅಂದಿನಿಂದ ಅದೇ ರೂಢಿಯಾಯಿತು.

ಕಂಪನಿಯ ಹಿರಿಯ ನಟಿಯೊಬ್ಬಳು ಹೇಳಿದಳು: "ಮಾಸ್ತರ, ಅತ್ತರು ಅಂಗಿಗೆ ಹಚ್ಚೋದು. ಪೇಟಿಗೆ ಕುಡಸಬ್ಯಾಡ್ರಿ."

"ಹೊಗಿ ಅಲ್ಲ, ಧೂಳ ಅಲ್ಲ. ಬರೀ ವಾಸನಿ, ಅಕ್ಕಾರ," ಎಂದು ಅವನು ನಕ್ಕುಬಿಟ್ಟ.

ಮಳೆಗಾಲ ಕಳೆಯುವ ಹೊತ್ತಿಗೆ ಸ್ವರಗಳು ಒಂದೊಂದಾಗಿ ಮಂಕಾದವು. ಬಿಚ್ಚಿ ನೋಡಿದರೆ ಒಳಗೆ ಮಸಿಯಿರಲಿಲ್ಲ. ಸ್ವರಕ್ಕೊಂದರಂತೆ ಇರುವ ಹಿತ್ತಾಳೆಯ ತೆಳು ನಾಲಗೆಗಳ ಮೇಲೆ, ಕಣ್ಣಿಗೆ ಕಾಣದ, ಬೆರಳಿಗಷ್ಟೇ ತಾಗುವ ಅಂಟು ಕೂತಿತ್ತು. ಉಜ್ಜಿದರೆ ಹಿತ್ತಾಳೆಯೇ ಸವೆಯಿತು. ಕೊನೆಗೆ ಹೊಸ ನಾಲಗೆಗಳನ್ನು ಹಾಕಿಸಿದ. ಪೇಟಿ ನುಡಿಯಿತು. ಗುರುವಿನ ಕಾಲದ ಆ ದನಿ ಮಾತ್ರ ತಿರುಗಿ ಬರಲಿಲ್ಲ. ಮುಪ್ಪಿನಲ್ಲೂ ಮಾಸ್ತರ ಅದನ್ನೇ ನೆನೆದು ಕೊರಗುತ್ತಿದ್ದ.

ಗುರುಗಳು ಕತೆ ಮುಗಿಸಿದರು. "ಆ ದನಿ ಕೇಳಿದವರಾಗ ಈಗ ನಾನೊಬ್ಬನ ಉಳದೇನಿ," ಎಂದರು. "ನಿನ್ನ ಆವಿಯೊಳಗಿನ ರಾಸಾಯನಿಕನೂ ಹಂಗ. ನಾಲಗಿಗೆ ರುಚಿ ಅಂತ ಮಾಡಿದ್ದು ಉಸಿರಿಗೆ ಒಗ್ಗೂದಿಲ್ಲ. ಶ್ವಾಸಕೋಶದ ದಾರಿಯ ಜೀವಕೋಶಗಳ ಮ್ಯಾಲ ಸಣ್ಣ ಸಣ್ಣ ಕೂದಲ ಅದಾವ. ಒಳಗಿನ ಕಸ ಗುಡಿಸಿ ಹೊರಗ ಹಾಕೋದು ಅವ. ಅವು ಸೋಲಬಹುದು, ಜೀವಕೋಶನೂ ಬಾಡಬಹುದು ಅಂತ ಡಾಕ್ಟರ್ ಹೇಳತಾರ."

ವೀರಭದ್ರ ಅಂಗೈ ಮುಚ್ಚಿದ. ಗುರುಗಳು ತಂಬೂರಿಯನ್ನು ಅವನತ್ತ ಸರಿಸಿ ಹೇಳಿದರು:

"ಪೇಟಿ ಬಿಚ್ಚಿ ಹೊಸ ನಾಲಗಿ ಹಾಕಿಸಿದ್ರು, ನಿನ್ನ ಎದಿ ಬಿಚ್ಚಿ ಏನ ಹಾಕಸೋಣು, ತಮ್ಮಾ?"