ಖಡಕ್ ಎಂಬ ಹೆಸರು

ಬಸುರಿ ಮಗಳನ್ನು ನೋಡಲು ಹೊರಟ ಲಗಮವ್ವನ ಬುತ್ತಿಗಂಟಿನಲ್ಲಿ ತುಪ್ಪ ಸವರಿದ ಹೋಳಿಗೆಯೂ ಒಣಗಿದ ಜೋಳದ ರೊಟ್ಟಿಯೂ ಜೊತೆಗಿದ್ದವು. ಗಂಟು ಅಲುಗಿದಾಗ ರೊಟ್ಟಿಯ ಅಂಚು ಮುರಿಯಿತು.

“ಮುಟ್ಟಿದರೆ ಖಡಕ್ ಎನ್ನುತ್ತೀಯಲ್ಲ! ಇನ್ನು ನಿನ್ನ ಹೆಸರೇ ಖಡಕ್” ಎಂದು ಹೋಳಿಗೆ ನಕ್ಕಿತು.

“ಹೆಸರಿಡುವುದು ನಿನ್ನ ಕೆಲಸವಾಯಿತು. ಅದನ್ನು ಉಳಿಸಿಕೊಳ್ಳುವುದು ನನ್ನ ಕೆಲಸ” ಎಂದಿತು ರೊಟ್ಟಿ.

ಮೇಲೆಲ್ಲೋ ಸುರಿದ ಮಳೆಗೆ ಹೊಳೆ ಉಕ್ಕಿ, ಅದನ್ನು ದಾಟುತ್ತಿದ್ದ ಲಗಮವ್ವನೂ ಗಂಡ ಮಾಳಪ್ಪನೂ ನಡುಗಡ್ಡೆಯಲ್ಲಿ ಸಿಕ್ಕಿಬಿದ್ದರು. ಮಗಳ ಬುತ್ತಿಯೆಂದು ಅವರು ಎರಡು ದಿನ ಗಂಟು ಮುಟ್ಟದೆ ಹಸಿದೇ ಇದ್ದರು. ಮಾಳಪ್ಪನಿಗೆ ಕಣ್ಣು ಕತ್ತಲೆ ಬಂದಾಗ ಲಗಮವ್ವ ಗಂಟು ಬಿಚ್ಚಿದಳು. ಹೋಳಿಗೆಗೆ ಬೂಸಲು ಹಿಡಿದಿತ್ತು.

“ನನ್ನಿಂದ ಆಗಲಿಲ್ಲ. ನೀನೇ ಅವರನ್ನು ಕಾಯಿ” ಎಂದು ಅದು ತಲೆತಗ್ಗಿಸಿತು.

ಲಗಮವ್ವ ರೊಟ್ಟಿ ಮುರಿದು ಗಂಡನ ಬಾಯಿಗಿಟ್ಟಳು. “ಇನ್ನೂ ಖಡಕ್ ಐತಿ, ತಿನ್ರಿ!”

ನೀರು ಇಳಿಯುವವರೆಗೂ ಇಬ್ಬರ ಜೀವ ಹಿಡಿದದ್ದು ರೊಟ್ಟಿಯೇ. ದಂಡೆಯಲ್ಲಿ ನೆರೆದ ಜನ, “ಏನ್ ತಿಂದು ಬದುಕಿದ್ರಿ?” ಎಂದು ಕೂಗಿದರು.

ಮಾಳಪ್ಪ ಉಳಿದ ರೊಟ್ಟಿಯನ್ನು ತಲೆಯ ಮೇಲೆತ್ತಿ ಹಿಡಿದ. “ಖಡಕ್ ರೊಟ್ಟಿ!”

“ಖಡಕ್ ರೊಟ್ಟಿ!” ಎಂದು ಇಡೀ ದಂಡೆ ಕೂಗಿತು. ಅಷ್ಟು ಎತ್ತರದಿಂದ ತನ್ನ ಹೆಸರನ್ನು ಕೇಳಿದ ರೊಟ್ಟಿಗೆ ಅದು ಬಿರುದಿನಂತೆ ಕೇಳಿಸಿತು.